ಮಡಿ ಸೀರೆಗೆ ಇಳಿದ ಪತಂಗ

ವಂದನಾ ಸುಳ್ಳು ಹೇಳುವವಳಲ್ಲ. ಹೇಳಬೇಕಾದ ಒಂದು ಮಾತನ್ನು ಹೇಳಿರಲಿಲ್ಲ, ಅಷ್ಟೆ. ಅತ್ತೆಯ ಜೊತೆ ಹನ್ನೊಂದು ವರ್ಷ ಬಾಳಿದ ಸೊಸೆಗೆ ಇವೆರಡರ ವ್ಯತ್ಯಾಸ ಚೆನ್ನಾಗಿಯೇ ಗೊತ್ತಿರುತ್ತದೆ.

ಆಕೆ ಹೊಸಪೇಟೆಯ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಜಗತ್ತಿನ ದೊಡ್ಡ ಕೀಟಗಳ ಪಾಠದ ದಿನ ಮೊಳದುದ್ದ ಮೀರುವ ಕಡ್ಡಿಹುಳು, ಅಂಗೈ ತುಂಬುವ ದುಂಬಿ, ಊಟದ ತಟ್ಟೆಯಷ್ಟು ರೆಕ್ಕೆ ಹರಡುವ ಅಟ್ಲಾಸ್ ಪತಂಗ ಎಂದು ಬೋರ್ಡಿನ ತುಂಬ ಬರೆದಳು. ಹಿಂದಿನ ಬೆಂಚಿನವರು ನಕ್ಕರು. "ಅವೆಲ್ಲ ಫಾರಿನ್‌ದಾಗ ಇರ್ತಾವ್ರಿ ಮೇಡಂ. ನಮ್ಮ ಕಡೆ ಏನಿದ್ರೂ ಸೊಳ್ಳಿ!"

ಮರುವಾರ, ದೋಣಿಮಲೈ ಗಣಿ ಕ್ವಾರ್ಟರ್ಸ್‌ನಿಂದ ಬರುವ ತುಳಸಿ ಎಂಬ ಹುಡುಗಿ ಟಿಫಿನ್ ಡಬ್ಬಿಯಲ್ಲಿ ಒಂದು ಗೂಡು ತಂದುಕೊಟ್ಟಳು. ಮನೆ ಹಿಂದಿನ ಸೀತಾಫಲದ ಗಿಡದಲ್ಲಿ ಸಿಕ್ಕಿತಂತೆ. ಒಣಗಿದ ಎಲೆ ಸುತ್ತಿಕೊಂಡು, ಅದಿರಿನ ಕೆಂಪು ಧೂಳು ಮೆತ್ತಿಕೊಂಡು ಕೋಳಿಮೊಟ್ಟೆಗಿಂತ ಉದ್ದಕ್ಕಿತ್ತು. ನೋಡಿದ ತಕ್ಷಣ ವಂದನಾ ಗುರುತು ಹಿಡಿದಳು. ಅಟ್ಲಾಸ್ ಪತಂಗದ ಗೂಡು! ಇಷ್ಟು ವರ್ಷ ಚಿತ್ರ ತೋರಿಸಿಯೇ ಪಾಠ ಮಾಡಿದ್ದಳು. "ಇದು ಹೊರಗ ಬಂದ ದಿನ ಎಲ್ಲಾರೂ ನಮ್ಮನಿಗೆ ಬರ್ರಿ, ತೋರಿಸ್ತೀನಿ" ಎಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟಳು.

ಮಾತು ಕೊಡುವುದು ಸುಲಭ. ಗೂಡನ್ನು ಇಡುವುದೆಲ್ಲಿ? ಕಾಲೇಜಿನ ಲ್ಯಾಬಿನಲ್ಲಿ ಇರುವೆ. ಮನೆಯಲ್ಲಿ ಅತ್ತೆ ಯಮುನಾಬಾಯಿಯ ಪೊರಕೆ. ಆ ಪೊರಕೆ ಹುಳದ ಕುಲಗೋತ್ರ ಕೇಳುವುದಿಲ್ಲ. ಕೊನೆಗೆ ಹೊಳೆಯಿತು. ಹಿತ್ತಲ ಪಡಸಾಲೆಯಲ್ಲಿ, ಕೈಗೆಟುಕದ ಎತ್ತರದಲ್ಲಿ ಬಿದಿರಿನ ಗಳವೊಂದು ತೂಗುತ್ತಿತ್ತು. ಅತ್ತೆಯ ಮಡಿ ಸೀರೆ ಒಣಗುವುದು ಅದರ ಮೇಲೆ. ಅತ್ತೆಯೊಬ್ಬರೇ ಸ್ನಾನ ಮಾಡಿ ಬಂದು ಕೋಲಿನಿಂದ ಆ ಸೀರೆ ಹಾಕಬೇಕು, ಕೋಲಿನಿಂದಲೇ ತೆಗೆಯಬೇಕು. ಬೇರೆ ಯಾರ ನೆರಳೂ ಅದರ ಹತ್ತಿರ ಸುಳಿಯುವಂತಿಲ್ಲ. ಇದಕ್ಕಿಂತ ಭದ್ರವಾದ ಜಾಗ ಮನೆಯಲ್ಲಿಲ್ಲ ಎಂದುಕೊಂಡು, ಅತ್ತೆ ಮಠಕ್ಕೆ ಹೋಗಿದ್ದಾಗ ಸ್ಟೂಲು ಹತ್ತಿ ಗೂಡನ್ನು ಅಲ್ಲಿ ಕಟ್ಟಿದಳು. ಗಳಕ್ಕಲ್ಲ, ಗಳ ತೂಗುವ ಹಗ್ಗಕ್ಕೆ. ಆಕೆಯ ಆತ್ಮಸಾಕ್ಷಿಗೆ ಅಷ್ಟು ಸಾಕಾಯಿತು. ಯಮುನಾಬಾಯಿಯ ಕಣ್ಣಿಗೆ ಪೊರೆ ಬಂದಿತ್ತು, ಮೂರು ವಾರ ಅದನ್ನು ಒಣ ಎಲೆಯೆಂದೇ ತಿಳಿದರು.

ಏಕಾದಶಿ ಮುಗಿದು ದ್ವಾದಶಿಯ ಬೆಳಗು. ಹಿಂದಿನ ದಿನ ಹನಿ ನೀರೂ ಕುಡಿಯದ ಮನೆಯವರೆಲ್ಲ ಏಳೂವರೆಯೊಳಗೆ ಪಾರಣೆಯ ಊಟ ಮಾಡಬೇಕಿತ್ತು. ಆರು ಗಂಟೆಗೆ ವಂದನಾ ಹಿತ್ತಲಿಗೆ ಬಂದು ನೋಡಿದರೆ ಗೂಡು ಬರಿದು! ಪತಂಗ ಹಗ್ಗದಿಂದ ಗಳಕ್ಕೆ, ಗಳದಿಂದ ಸೀರೆಗೆ ಇಳಿದು, ನೆರಿಗೆಯೊಂದನ್ನು ಹಿಡಿದು ತೂಗುತ್ತಿತ್ತು. ರೆಕ್ಕೆಗಳು ನೆನೆದ ಹಪ್ಪಳದಂತೆ ಮುದುಡಿದ್ದವು. ಇನ್ನೊಂದು ತಾಸು ಅಲುಗದೆ ಹಾಗೇ ತೂಗಿದರೆ ಬಿಚ್ಚಿಕೊಳ್ಳುತ್ತವೆ. ನಡುವೆ ಬಿದ್ದರೆ ಮುದುಡಿದ ಹಾಗೇ ಒಣಗುತ್ತವೆ, ಆ ಜೀವ ಮತ್ತೆಂದೂ ಹಾರದು.

ಅದೇ ಹೊತ್ತಿಗೆ ಬಚ್ಚಲ ಬಾಗಿಲು ಕಿರ್ರೆಂದಿತು. ಒದ್ದೆ ಸೀರೆಯುಟ್ಟ ಯಮುನಾಬಾಯಿ ಕೋಲು ಹಿಡಿದು ಬಂದರು.

"ದೂರ ಸರಿ, ಮುಟ್ಟಿಗಿಟ್ಟೀಯ."

"ಅತ್ತಿ, ಸೀರಿ ತಗೀಬ್ಯಾಡ್ರಿ!"

"ಯಾಕ?" ಎಂದು ತಲೆಯೆತ್ತಿದವರು ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯ ರಾಮ! ಏನಿದು, ಬಾವಲಿ?"

ಇನ್ನು ಮುಚ್ಚಿಟ್ಟು ಫಲವಿಲ್ಲ. ವಂದನಾ ತೊದಲುತ್ತ ಎಲ್ಲವನ್ನೂ ಒಪ್ಪಿಸಿದಳು.

"ಹುಳಾನ ತಂದು ಮಡಿ ಗಳಕ್ಕ ಕಟ್ಟೀಯೇನ?"

"ಗಳಕ್ಕಲ್ರಿ ಅತ್ತಿ, ಹಗ್ಗಕ್ಕ."

"ಭಾಳ ಶಾಣ್ಯಾಕಿ ಇದ್ದೀ!"

ಒಳಗಿನಿಂದ ಮಾವ ವ್ಯಾಸರಾಜರ ದನಿ ಬಂತು. "ಆರೂ ಹತ್ತಾತು!" ನಿವೃತ್ತ ಪೋಸ್ಟ್‌ಮಾಸ್ಟರು, ದ್ವಾದಶಿ ದಿನ ಅವರ ಹೊಟ್ಟೆ ಗಡಿಯಾರಕ್ಕಿಂತ ಮುಂದೆ ಓಡುತ್ತದೆ.

ಯಮುನಾಬಾಯಿ ಕೋಲು ಎತ್ತಿದರು. "ನನ್ನ ಸೀರಿ ತಿಂದು ತೂತು ಮಾಡಿದ್ರ?"

"ತಿನ್ನೂದಿಲ್ರಿ. ಅದಕ್ಕ ತಿನ್ನೋ ಬಾಯೇ ಇಲ್ಲ. ಮರಿಹುಳ ಇದ್ದಾಗ ತಿಂದದ್ದಷ್ಟ. ಇನ್ನ ಒಂದ್ವಾರ, ಹತ್ತು ದಿನ ಬದುಕತದ. ಅಷ್ಟೂ ದಿನ ಉಪವಾಸ."

ಕೋಲು ನಾಲ್ಕು ಬೆರಳು ಇಳಿಯಿತು.

"ನೀರೂ ಇಲ್ಲ?"

"ನೀರೂ ಇಲ್ರಿ."

"ನಿರ್ಜಲ ಏಕಾದಶಿ, ಅದೂ ಹತ್ತು ದಿನ!" ಯಮುನಾಬಾಯಿ ಒಳಗಿನ ಕಡೆ ಕಣ್ಣು ಹಾಯಿಸಿದರು. "ಇಲ್ಲೊಬ್ರು ಒಂದು ದಿನಕ್ಕ ಮನಿ ಹಾರಿಸ್ತಾರ." ಮತ್ತೆ ಮೇಲೆ ನೋಡಿದರು. "ಯಾವ ಪೈಕಿದು?"

"ರೇಷ್ಮಿ ಹುಳದ ಬಳಗರಿ."

ಯಮುನಾಬಾಯಿ ಚಳಿಗೆ ನಡುಗುತ್ತಲೇ ಯೋಚಿಸಿದರು. ಎಪ್ಪತ್ತು ವರ್ಷದ ಆಚಾರ ಒಂದು ಕಡೆ, ಅಂಗೈಯಗಲದ ಜೀವ ಒಂದು ಕಡೆ.

"ಇವು ಕೊಟ್ಟ ನೂಲು ಉಟ್ರ ಮಡಿ, ಇವು ಮುಟ್ಟಿದ್ರ ಮೈಲಿಗಿ ಅಂದ್ರ ಯಾವ ನ್ಯಾಯ?" ಎಂದು ಕೋಲನ್ನು ಗೋಡೆಗೆ ಒರಗಿಸಿದರು. "ಇರ್ಲಿ ಬಿಡು. ಟ್ರಂಕಿನಾಗ ನನ್ನ ಮದವಿ ಧಾರಿ ಸೀರಿ ಅದ. ರೇಷ್ಮಿ ಪಟ್ಟಿ ಸೀರಿ, ಮಡಿಗೆ ನಡೀತದ. ಅದೊಂದಕ್ಕ ಎಷ್ಟು ಹುಳ ಕುದಿಸಿದ್ರೋ ಏನೋ. ಇವತ್ತ ಇದೊಂದಾದ್ರೂ ಹಾರ್ಲಿ."

ವಂದನಾಳಿಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಆದರೆ ಮುಟ್ಟುವಂತಿರಲಿಲ್ಲವಲ್ಲ!

ಹತ್ತು ನಿಮಿಷದಲ್ಲಿ ಯಮುನಾಬಾಯಿ ಕುಂಕುಮ ಬಣ್ಣದ ಪಟ್ಟೆ ಸೀರೆಯುಟ್ಟು, ನುಸಿ ಗುಳಿಗೆಯ ವಾಸನೆ ಬೀರುತ್ತ ಅಡುಗೆಮನೆಗೆ ನಡೆದರು. "ಆರೂವರಿ ಆತು" ಎನ್ನಲು ಬಂದ ವ್ಯಾಸರಾಜರು ಬಾಗಿಲಲ್ಲೇ ನಿಂತುಬಿಟ್ಟರು.

"ಟೈಮೆಷ್ಟ್ರಿ?" ಯಮುನಾಬಾಯಿ ಬೇಕೆಂದೇ ಕೇಳಿದರು.

"ನೋಡಿಲ್ಲ," ಎಂದರು ವ್ಯಾಸರಾಜರು. ಆಮೇಲೆ ಅವರು ಟೈಮಿನ ಸುದ್ದಿ ಎತ್ತಲಿಲ್ಲ.

ಅಗಸೆ ಸೊಪ್ಪಿನ ಪಲ್ಯ, ತೊವ್ವೆ, ಅನ್ನ ಆಗಿ ನೈವೇದ್ಯ ಮುಗಿದಾಗ ಏಳು ಗಂಟೆ ದಾಟಿತ್ತು. ಎಲೆ ಹಾಕುವ ಮೊದಲು ಯಮುನಾಬಾಯಿ ಹಿತ್ತಲಿಗೆ ಬಂದರು. ವಂದನಾ ಸ್ಕೇಲು ಹಿಡಿದು ದೂರದಲ್ಲೇ ಚಡಪಡಿಸುತ್ತಿದ್ದಳು. ರೆಕ್ಕೆ ಪೂರ್ತಿ ಬಿಚ್ಚಿತ್ತು. ಇಟ್ಟಿಗೆಗೆಂಪಿನ ನಾಲ್ಕು ರೆಕ್ಕೆ, ನಡುನಡುವೆ ಬೆಳಕು ತೂರುವ ತ್ರಿಕೋನದ ಕಿಟಕಿಗಳು, ತುದಿಯಲ್ಲಿ ಹಾವಿನ ಹೆಡೆಯಂಥ ಗುರುತು. ಮಡಿಯಲ್ಲಿದ್ದ ಯಮುನಾಬಾಯಿಗೆ ಅಡ್ಡಿಯೇನು? ಸ್ಟೂಲು ಹತ್ತಿ, ಪತಂಗಕ್ಕೆ ಸೋಕದಂತೆ ಗೇಣು ಹಾಕಿ ಅಳೆದರು. ಕೆಳಗಿಳಿದವರೇ ವಂದನಾಳ ತೋಳು ಹಿಡಿದು, ಅದರ ಮೇಲೇ ಗೇಣು ಹಾಕಿ ತೋರಿಸಿದರು.

"ನೋಡು, ಇಷ್ಟುದ್ದ! ಒಂದು ಗೇಣು, ಮ್ಯಾಲ ನಾಲ್ಕು ಬೆರಳು!"

ಇಬ್ಬರೂ ಆ ಕೈಯನ್ನು ನೋಡಿದರು.

"ಮಡಿ ಕೆಡ್ತಲ್ರಿ ಅತ್ತಿ," ಎಂದು ವಂದನಾ ಪಿಸುಗುಟ್ಟಿದಳು.

"ನೈವೇದ್ಯ ಆಗ್ಯದ. ಇನ್ನೊಮ್ಮೆ ಸ್ನಾನ ಮಾಡ್ಕೋತ ಕೂತ್ರ ನಿಮ್ಮ ಮಾವ ಗ್ವಾಡಿ ತಿಂತಾರ. ಬಾ, ನಾ ಅನ್ನ ಬಡಸ್ತೀನಿ, ನೀ ಪಲ್ಯ ಬಡಸು."

ಹನ್ನೊಂದು ವರ್ಷದಲ್ಲಿ ದ್ವಾದಶಿಯ ಎಲೆಗೆ ವಂದನಾ ಬಡಿಸಿದ್ದು ಅದೇ ಮೊದಲು. ಪಲ್ಯ ಹಾಕುವಾಗ ಆಕೆಗೆ ಕಣ್ಣು ತುಂಬಿ ಬಂತು. ವ್ಯಾಸರಾಜರು ಹಸಿವಿನಲ್ಲಿ ಅದನ್ನು ಗಮನಿಸಲಿಲ್ಲ.

ಸಂಜೆ ತುಳಸಿಯೂ ಹಿಂದಿನ ಬೆಂಚಿನವರೂ ಸೇರಿ ಇಡೀ ಕ್ಲಾಸೇ ಹಿತ್ತಲಲ್ಲಿ ನೆರೆಯಿತು. ಯಮುನಾಬಾಯಿ ಕೋಲು ಅಡ್ಡ ಹಿಡಿದು ಕಾವಲು ನಿಂತಿದ್ದರು. "ದೂರಿಂದ ನೋಡ್ರಿ, ಮುಟ್ಟಬ್ಯಾಡ್ರಿ! ಅದು ಮಡಿಯಾಗ ಅದ!"

ದೀಪ ಹಚ್ಚುವ ಹೊತ್ತಿಗೆ ಪತಂಗ ಒಮ್ಮೆ ಕಂಪಿಸಿತು. ಸೀರೆಯ ನೆರಿಗೆ ಬಿಟ್ಟು, ಮಕ್ಕಳ ತಲೆಗಳ ಮೇಲೆ ಒಂದು ಸುತ್ತು ಹಾಕಿ, ಗೋಡೆಯಾಚೆಯ ಬೇವಿನ ಮರದ ಕಡೆ ಹಾರಿಹೋಯಿತು. ಮಕ್ಕಳು ಹೋ ಎಂದು ಕೂಗಿದರು. ಯಮುನಾಬಾಯಿ ಸೊಸೆಯ ಕೈ ಹಿಡಿದುಕೊಂಡರು. ಈ ಸಲ ಮರೆತು ಹಿಡಿದದ್ದಲ್ಲ.