ಆ ಹೆಂಗಸು ಏನಂದಳು

ನ್ಯೂಜಿಲೆಂಡಿನ ನಮ್ಮ ಫ್ಲ್ಯಾಟ್ ಬುಷ್ ಬಡಾವಣೆಯಲ್ಲಿ ಯಾರ ಮನೆಯ ಕನ್ನಡ ಟಿವಿ ನಿಂತರೂ ಫೋನ್ ಬರುತ್ತಿದ್ದದ್ದು ನನಗೆ. ದತ್ತಣ್ಣ, ಚಕ್ರ ಸುತ್ತುತ್ತಾನೇ ಇದೆ. ದತ್ತಣ್ಣ, ಮಾತು ಮೊದಲು ಬರ್ತಿದೆ, ಬಾಯಿ ಆಮೇಲೆ ಆಡ್ತಿದೆ. ನಾನೇನು ಅಂಗಡಿ ಇಟ್ಟವನಲ್ಲ ಮಾರಾಯರೇ. ದತ್ತಾತ್ರೇಯ ಅಂತ ಹೆಸರು, ಊರು ಮೈಸೂರು, ಆಕ್ಲೆಂಡಿನ ಒಂದು ವಿಮಾ ಕಂಪನಿಯ ಸಾಫ್ಟ್‌ವೇರ್ ನೋಡಿಕೊಂಡು ಸಂಬಳ ತೆಗೆದುಕೊಳ್ಳುವವನು. ಆದರೆ ಹೊಗಳಿದರೆ ಉಬ್ಬಿಬಿಡುವ ಆಸಾಮಿ. "ನೀವಿಲ್ದಿದ್ರೆ ನಮ್ಮ ಗತಿ ಏನು ದತ್ತಣ್ಣ" ಎಂದು ಯಾರಾದರೂ ಒಂದು ಮಾತು ಅಂದರೆ ಸಾಕು, ಶನಿವಾರದ ತಿಂಡಿ ಬಿಟ್ಟು ಏಣಿ ಹೊತ್ತುಕೊಂಡು ಹೊರಡುತ್ತಿದ್ದೆ. ಇದು 2015ರ ಮಾತು. ಆಮೇಲೆ ನಾನು ಯಾರ ಮನೆಯ ವೈರನ್ನೂ ಮುಟ್ಟಿಲ್ಲ.

ನಮ್ಮ ಮನೆಯಿಂದ ಮೂರು ಬೀದಿ ಆಚೆ ಓಂಕಾರನ ಮನೆ. ಬಾಗಲಕೋಟೆಯ ಕಡೆಯವನು, ಸಿವಿಲ್ ಎಂಜಿನಿಯರ್. ಭೂಕಂಪದಲ್ಲಿ ಬಿದ್ದ ಕ್ರೈಸ್ಟ್‌ಚರ್ಚ್ ನಗರವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತಿಂಗಳಲ್ಲಿ ಅರ್ಧದಷ್ಟು ದಿನ ಅಲ್ಲೇ ಇರುತ್ತಿದ್ದ. ಹೆಂಡತಿ ಸ್ನೇಹಲ್ ಹತ್ತಿರದ ಹಲ್ಲಿನ ಡಾಕ್ಟರ ಬಳಿ ರಿಸೆಪ್ಷನ್‌ನಲ್ಲಿದ್ದಳು. ಮಕ್ಕಳಿರಲಿಲ್ಲ. ಓಂಕಾರನ ತಾಯಿ ಬಸಲಿಂಗವ್ವ ಬಂದು ಎರಡು ವರ್ಷವಾಗಿತ್ತು. ಇಡೀ ದಿನ ಮನೆಯಲ್ಲಿ ಅವರೊಬ್ಬರೇ. ಕಾರಿಲ್ಲದೆ ಎಲ್ಲಿಗೂ ಹೋಗುವಂತಿಲ್ಲ, ಇಂಗ್ಲಿಷ್ ಇಲ್ಲದೆ ಯಾರ ಜೊತೆಗೂ ಮಾತಾಡುವಂತಿಲ್ಲ. ಮಧ್ಯಾಹ್ನ ಸ್ನೇಹಲ್ ಕಾರು ಹಾಕಿಕೊಂಡು ಓಡಿಬಂದು, ಅತ್ತೆಗೆ ರೊಟ್ಟಿ ಬಡಿಸಿ, ಮತ್ತೆ ಓಡಿಹೋಗುತ್ತಿದ್ದಳು.

ಒಂದು ದಿನ ಯಾವುದೋ ಪಾರ್ಸೆಲ್ ಕೊಡಲು ಹೋದವನು ನೋಡಿದರೆ, ಬಸಲಿಂಗವ್ವ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಾರೆ, ಟಿವಿಯಲ್ಲಿ ಯಾರೋ ಬಿಳಿಯ ಹೆಂಗಸರು ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ, ಸದ್ದೇ ಇಲ್ಲ.

"ಏನಮ್ಮಾ, ಸೌಂಡ್ ಹೋಗಿದ್ಯಾ?" ಎಂದೆ.

"ಇಲ್ಲೋ ತಮ್ಮಾ, ನಾನ ಬಂದ್ ಮಾಡೀನಿ. ಅವರ ಮಾತು ತಿಳಿಯಂಗಿಲ್ಲ, ಸುಮ್ನ ತಲಿ ನೋಯ್ತೈತಿ. ಮನಿಷ್ಯಾರ ಮಾರಿ ಕಾಣ್ತಾವಲ್ಲ, ಅಷ್ಟ ಸಾಕು ನನಗ."

ಆವತ್ತು ಸಂಜೆಯೇ ಓಂಕಾರನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. "ಏನ್ರೀ, ಮನುಷ್ಯರೇನ್ರೀ ನೀವು? ತಾಯಿ ಮೂಕಿ ಥರ ಕೂತಿದಾರೆ, ಒಂದು ಕನ್ನಡ ಚಾನೆಲ್ ಹಾಕ್ಸೋಕಾಗಲ್ವಾ?" ಅವನು ಪಾಪ, "ಹಾಕಸಿದ್ದೆ ಅಣ್ಣಾ, ನಿಂತ ನಿಂತ ಬರ್ತಿತ್ತು, ಅವ್ವನ ಬ್ಯಾಡ ಅಂದ್ಲು" ಎಂದ. ಅದು ನಿಜ. ಕನ್ನಡ ಚಾನೆಲ್ಲುಗಳ ಆ ಪೆಟ್ಟಿಗೆ ಇಂಟರ್ನೆಟ್ ಮೇಲೆ ನಡೆಯುವಂಥದ್ದು. ಅವರ ಮನೆಗಿದ್ದದ್ದು ಹಳೆಯ ಟೆಲಿಫೋನ್ ತಂತಿಯ ಇಂಟರ್ನೆಟ್. ಅಷ್ಟರಲ್ಲಿ ಆ ಬೀದಿಗೆ ಹೊಸ ಫೈಬರ್ ಕೇಬಲ್ ಬಂದಿತ್ತು. "ನೀವು ಸುಮ್ನಿರಿ, ನಾನ್ ನೋಡ್ಕೋತೀನಿ" ಎಂದೆ. ಅರ್ಜಿಯನ್ನು ಅವನ ಹೆಸರಲ್ಲಿ ನಾನೇ ತುಂಬಿದೆ. ಹಳೆಯ ಫೋನ್ ಲೈನ್ ಇರಲಾ ಎಂದು ಕೇಳಿದ್ದಕ್ಕೆ ಓಂಕಾರ, "ಯಾರ ಬಳಸ್ತಾರ ಅಣ್ಣಾ ಈಗ, ತಗಸಿಬಿಡ್ರಿ" ಎಂದ.

ಫೈಬರ್ ಹಾಕುವವನು ಬುಧವಾರ ಬಂದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿದ್ದರಿಂದ ನಾನೇ ರಜೆ ಹಾಕಿ ಆ ಮನೆಯಲ್ಲಿ ನಿಂತಿದ್ದೆ. ಬಂದವನು ಸಿಯೋನೆ ಎಂಬ ಟಾಂಗಾ ದ್ವೀಪದೇಶದ ಮನುಷ್ಯ, ನಲವತ್ತರ ಆಸುಪಾಸು, ಬಾಗಿಲು ತುಂಬುವಷ್ಟು ದಪ್ಪ, ಮಾತು ಮಾತ್ರ ಮೆತ್ತಗೆ. ಹಾಲ್‌ನಲ್ಲಿ ಕೆಲಸ ಮುಗಿಸಿ, ಗೋಡೆಯಲ್ಲಿ ಫೋನ್ ವೈರು ಸಿಕ್ಕಿಸುವ ಹಳೆಯ ಜಾಕುಗಳು ಎಲ್ಲೆಲ್ಲಿವೆ ಎಂದು ನೋಡುತ್ತಾ ಬಸಲಿಂಗವ್ವನ ಕೋಣೆಯ ಬಾಗಿಲಿಗೆ ಬಂದ. ಒಳಗೆ ಗೋಡೆಗೊತ್ತಿ ಒಂದು ಸಣ್ಣ ಮೇಜು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಬಸವಣ್ಣನ ಫೋಟೊ, ವಿಭೂತಿ ಗಟ್ಟಿ, ಕೆಂಪು ಕರೆಂಟು ದೀಪ, ಎರಡು ಹೂವು. ಬಟ್ಟೆ ಮಧ್ಯದಲ್ಲಿ ಸ್ವಲ್ಪ ಉಬ್ಬಿಕೊಂಡಿತ್ತು. ಹಿಂದಿನಿಂದ ವೈರು ಇಳಿದಿತ್ತು.

"ಅದರ ಕೆಳಗೇನಿದೆ, ಬ್ರೋ?" ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಸಿಯೋನೆ ಒಳಗೆ ಬಂದು ಬಟ್ಟೆಯ ಕಡೆ ಕೈ ಚಾಚಿದ.

ನನಗೆ ಮೈಯೆಲ್ಲ ಉರಿಯಿತು. ಬೂಟು ಕಾಲಿನಲ್ಲಿ ದೇವರ ಹತ್ತಿರ ಬಂದು ಬಟ್ಟೆ ಎತ್ತುವುದಕ್ಕೆ ನೋಡುತ್ತಾನಲ್ಲ! "ಡೋಂಟ್ ಟಚ್! ಅದು ನಮ್ಮ ದೇವರು" ಎಂದೆ, ಸ್ವಲ್ಪ ಜೋರಾಗಿಯೇ. ಅವನು ಎರಡೂ ಕೈ ಎತ್ತಿ, "ಸಾರಿ, ಸಾರಿ" ಎಂದು ಎರಡು ಹೆಜ್ಜೆ ಹಿಂದೆ ಸರಿದು ತಲೆ ಬಗ್ಗಿಸಿದ. ಅವನೂ ಚರ್ಚಿಗೆ ಹೋಗುವವನೇ ಇರಬೇಕು. ಆಮೇಲೆ ಕೈಯಲ್ಲಿದ್ದ ಪಟ್ಟಿ ನೋಡಿ, "ಮನೆಯಲ್ಲಿ ಮೆಡಿಕಲ್ ಅಲಾರಂ ಏನಾದರೂ ಇದೆಯಾ? ಹಳೆಯ ಲೈನ್ ಸತ್ತರೆ ಅದೂ ಸಾಯುತ್ತದೆ, ಅದಕ್ಕೆ ಕೇಳುತ್ತಿದ್ದೇನೆ" ಎಂದ.

"ನೋ, ನೋ, ಏನೂ ಇಲ್ಲ" ಎಂದೆ.

ಬಸಲಿಂಗವ್ವ ಅಲ್ಲೇ ಮಂಚದ ಮೇಲೆ ಕೂತು ನಮ್ಮಿಬ್ಬರ ಮುಖ ನೋಡುತ್ತಿದ್ದರು. ತಿರುಗಿ ಅವರನ್ನು ಒಂದು ಮಾತು ಕನ್ನಡದಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಅವರಿಗೇನು ಗೊತ್ತಾಗುತ್ತದೆ ಅನ್ನುವ ಅಹಂಕಾರ, ಇನ್ನೇನು?

ಆ ಬಟ್ಟೆಯ ಕೆಳಗೆ ಏನಿತ್ತೆಂದು ಈಗಲೇ ಹೇಳಿಬಿಡುತ್ತೇನೆ. ಬಸಲಿಂಗವ್ವ ಹಿಂದಿನ ವರ್ಷ ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದರು. ಓಂಕಾರ ಕ್ರೈಸ್ಟ್‌ಚರ್ಚ್‌ನಲ್ಲಿದ್ದ. ಆಸ್ಪತ್ರೆಯ ನರ್ಸ್ ಹೇಳಿದ ಪ್ರಕಾರ ಸ್ನೇಹಲ್ ಒಂದು ಅಲಾರಂ ಪೆಟ್ಟಿಗೆ ತಂದು ಫೋನ್ ಜಾಕಿಗೆ ಹಾಕಿದ್ದಳು. ಅದು ಯಾವ ವೈರಿನ ಮೇಲೆ ನಡೆಯುತ್ತದೆಂದು ಓಂಕಾರ ವಿಚಾರಿಸಿರಲಿಲ್ಲ. ಕೊರಳಲ್ಲಿ ಒಂದು ಗುಂಡಿ. ಬಿದ್ದಾಗ ಅದನ್ನು ಒತ್ತಿದರೆ ಪೆಟ್ಟಿಗೆ ಫೋನ್ ಮಾಡುತ್ತದೆ, ಆಂಬುಲೆನ್ಸ್ ಬರುತ್ತದೆ. ಅತ್ತೆ ಬಿದ್ದದ್ದು ಹೊರಗೆ ಗೊತ್ತಾದರೆ ಮುದುಕಿಯನ್ನು ನೋಡಿಕೊಳ್ಳುವವರಿಲ್ಲ ಅಂತ ನಮ್ಮವರೇ ಆಡಿಕೊಳ್ಳುತ್ತಾರೆಂದು ಆ ಮನೆಯವರು ಯಾರಿಗೂ ಹೇಳಿರಲಿಲ್ಲ. ಆಡಿಕೊಳ್ಳುತ್ತಿದ್ದೆವು, ಸುಳ್ಳೇನಲ್ಲ. ಬಸಲಿಂಗವ್ವ ಆ ಪೆಟ್ಟಿಗೆಗೆ ಕಸೂತಿ ಬಟ್ಟೆ ಹೊದಿಸಿ ದೇವರನ್ನು ಕೂರಿಸಿದ್ದರು, ಗುಂಡಿಯನ್ನು ಕೊರಳಿನ ಲಿಂಗದ ವಸ್ತ್ರದಲ್ಲೇ ಸೇರಿಸಿ ಕಟ್ಟಿಕೊಂಡಿದ್ದರು. ಅವರ ಕೊರಳಲ್ಲಿ ಎರಡು ದಾರ ಇದ್ದದ್ದನ್ನು ನಾನು ನೋಡಿದ್ದೆ. ಲಿಂಗ ಕಟ್ಟಿದವರ ಪದ್ಧತಿ ನನಗೆ ಅರೆಬರೆ ಗೊತ್ತು, ಹಾಗೇ ಇರುತ್ತದೇನೋ ಅಂದುಕೊಂಡೆ. ಅಮ್ಮಾ, ಕೊರಳಲ್ಲಿ ಏನದು ಎಂದು ಕೇಳುವುದು ಮರ್ಯಾದೆಯೇ?

ಮಧ್ಯಾಹ್ನ ಮೂರಕ್ಕೆ ಹಳೆಯ ಲೈನ್ ಸತ್ತಿತು. ನಾಲ್ಕಕ್ಕೆ ಕನ್ನಡ ಬಂತು. ಬಸಲಿಂಗವ್ವ ರಿಮೋಟ್ ಹಿಡಿದು ಸೌಂಡ್ ಜಾಸ್ತಿ ಮಾಡಿದರು, ಇನ್ನೂ ಜಾಸ್ತಿ ಮಾಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಹೊಟ್ಟಿ ತಣ್ಣಗಿರಲೋ ತಮ್ಮಾ" ಎಂದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಬಂದೆ.

ಮೂರು ವಾರ ಆ ಮನೆಯಲ್ಲಿ ಹಬ್ಬ. ಯಾವ ಧಾರಾವಾಹಿಯ ಯಾವ ಸೊಸೆ ಏನು ಮಾಡಿದಳು ಎಂದು ನನಗೂ ಫೋನ್ ಮಾಡಿ ಹೇಳುತ್ತಿದ್ದರು. ಸೊಸೆಗೆ, "ನೀ ಮಧ್ಯಾನ ಓಡಿ ಬರಬ್ಯಾಡವಾ. ರೊಟ್ಟಿ ಮಾಡಿಟ್ಟು ಹೋಗು, ಟಿವಿ ನೋಡ್ಕೋತ ತಿಂತೀನಿ" ಎಂದರು. ಸ್ನೇಹಲ್ ಎರಡು ವರ್ಷದ ಮೇಲೆ ಮೊದಲ ಸಲ ತನ್ನ ಊಟವನ್ನು ಕೂತು ಮಾಡಿದಳು.

ನಾಲ್ಕನೆಯ ವಾರದ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಬಸಲಿಂಗವ್ವ ಮಂಚಕ್ಕೂ ಬಚ್ಚಲಿಗೂ ನಡುವೆ ಬಿದ್ದರು. ಸ್ನೇಹಲ್ ನೋಡಿದ್ದು ಸಂಜೆ ಆರೂವರೆಗೆ. ಒಂಬತ್ತು ಗಂಟೆ. ಸೊಂಟದ ಮೂಳೆ ಮುರಿದಿತ್ತು. ಅಷ್ಟು ಹೊತ್ತು ಒಂದೇ ಮಗ್ಗುಲಲ್ಲಿ ಬಿದ್ದು ಮೂತ್ರಪಿಂಡಗಳು ಕೆಟ್ಟಿವೆ, ಉಳಿಯುವುದು ಕಷ್ಟ ಎಂದು ಡಾಕ್ಟರು ಅವತ್ತೇ ಹೇಳಿದರು.

ಶುಕ್ರವಾರ ನಾನು ಆಸ್ಪತ್ರೆಗೆ ಹೋದಾಗ ಕಾರಿಡಾರಿನಲ್ಲಿ ಓಂಕಾರ ಹೆಂಡತಿಯ ಮೇಲೆ ಕೂಗಾಡುತ್ತಿದ್ದ. "ಒಂದ ದಿನ, ಒಂದ ದಿನ ಹೋಗಿ ಹಣಿಕಿ ಹಾಕಿದ್ರ ಏನಾಗ್ತಿತ್ತು ನಿನಗ? ಕುಂತು ಉಣ್ಣಾಕ ಹತ್ತಿದ್ದಿ ಅಲ್ಲಿ!" ಸ್ನೇಹಲ್ ಗೋಡೆಗೊರಗಿ ನಿಂತಿದ್ದಳು. ನನ್ನನ್ನು ಕಂಡು ಅವನು ನನ್ನ ತೋಳು ಹಿಡಿದುಕೊಂಡ. "ದತ್ತಣ್ಣಾ, ಆ ಅಲಾರಂ ಕಂಪನೀನ ನಾ ಬಿಡಂಗಿಲ್ಲ. ಅವ್ವ ಗುಂಡಿ ಒತ್ಯಾಳ. ಅಲ್ಲಿಂದ ಯಾರೋ ಮಾತಾಡ್ಯಾರ. ಆಂಬುಲೆನ್ಸ್ ಯಾಕ ಬರಲಿಲ್ಲ? ಹೇಳ್ರಿ ನನಗ!"

"ಯಾವ ಅಲಾರಂ?" ಎಂದೆ. ಕೇಳುತ್ತಿರುವಾಗಲೇ ಕಸೂತಿ ಬಟ್ಟೆಯ ಆ ಉಬ್ಬು ನೆನಪಾಯಿತು.

ಬಸಲಿಂಗವ್ವನಿಗೆ ಎಚ್ಚರವಿತ್ತು. ಮುಖ ಊದಿತ್ತು, ಆದರೆ ಮಾತು ಸ್ಪಷ್ಟ. ನನ್ನನ್ನು ಹತ್ತಿರ ಕರೆದರು.

"ತಮ್ಮಾ, ನಿನಗ ಇಂಗ್ಲಿಷ್ ಚಲೋ ಬರ್ತೈತಿ. ನನ್ನ ಒಂದ ಕೆಲಸ ಮಾಡು. ನಾ ಗುಂಡಿ ಒತ್ತಿದೆ. ಒಬ್ಬಾಕಿ ಹೆಣಮಗಳು ಮಾತಾಡಿದ್ಲು. ಹನ್ನೊಂದ ಸಲ ಒತ್ತಿದೆ, ಹನ್ನೊಂದ ಸಲಾನೂ ಮಾತಾಡಿದ್ಲು, ಬ್ಯಾಸರಿಲ್ಲದ, ಅಷ್ಟ ಸಮಾಧಾನದಿಂದ. ಅದಕ್ಕ ನಾ ಒದರಲಿಲ್ಲ ನೋಡು. ಬರ್ತೀನಿ ಅಂತ ಹೇಳಾಕ ಹತ್ಯಾಳ, ಯಾಕ ಒದರಬೇಕು ಅಂತ ಸುಮ್ನ ಬಿದ್ದಿದ್ದೆ. ಅಕಿ ಏನಂದ್ಲು? ಅದೊಂದ ಕೇಳಿ ಬಂದು ನನಗ ಹೇಳು."

ಓಂಕಾರನ ಪಕ್ಕದ ಮನೆಯಲ್ಲಿ ಒಂದು ಪಂಜಾಬಿ ಸಂಸಾರವಿತ್ತು. ಅವರ ಅಜ್ಜಿ ಆ ದಿನವೆಲ್ಲ ಹಿತ್ತಿಲಲ್ಲೇ ಇದ್ದರು. ಕೂಗಿದ್ದರೆ ಕೇಳಿಸುತ್ತಿತ್ತು.

ಸೀರೆ ತರುತ್ತೇನೆಂದು ಸ್ನೇಹಲ್ ಹತ್ತಿರ ಕೀಲಿ ಇಸಿದುಕೊಂಡು ಒಬ್ಬನೇ ಹೋದೆ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಬಸವಣ್ಣನ ಫೋಟೊ ಮಂಚದ ಮೇಲಿಟ್ಟು, ಬಟ್ಟೆ ಎತ್ತಿದೆ. ಬಿಳಿಯ ಪೆಟ್ಟಿಗೆ, ಅದರ ಮೇಲೂ ಒಂದು ಕೆಂಪು ಗುಂಡಿ. ಒತ್ತಿದೆ. ಎರಡು ಸಲ ಪೀಂ ಪೀಂ ಎಂದು, ಆಮೇಲೆ ಒಬ್ಬ ಹೆಂಗಸಿನ ರೆಕಾರ್ಡ್ ಮಾಡಿದ ದನಿ ಬಂತು. ಚೆಂದದ ಇಂಗ್ಲಿಷು. ಅವಸರವಿಲ್ಲ, ಸಿಡುಕಿಲ್ಲ. ಟೆಲಿಫೋನ್ ಲೈನ್ ಸಿಗುತ್ತಿಲ್ಲ, ಈ ಕರೆ ಹೋಗಿಲ್ಲ, ದಯವಿಟ್ಟು ಬೇರೆ ರೀತಿಯಲ್ಲಿ ಸಹಾಯ ಕೇಳಿ. ಇಷ್ಟೇ. ಇನ್ನೊಮ್ಮೆ ಒತ್ತಿದೆ. ಅದನ್ನೇ ಹೇಳಿತು. ನಾನು ಅಲ್ಲೇ ನೆಲದ ಮೇಲೆ ಕೂತು, ಥೂ ನಿನ್ನ, ಥೂ ನಿನ್ನ ಎಂದು ನನ್ನನ್ನೇ ಬೈದುಕೊಂಡೆ. ಅತ್ತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಸೀರೆ ತೆಗೆದುಕೊಂಡು ವಾಪಸು ಹೋದೆ. ಬಸಲಿಂಗವ್ವ ಬಾಗಿಲನ್ನೇ ನೋಡುತ್ತಿದ್ದರು.

"ಕೇಳಿ ಬಂದೇನು? ಏನಂದ್ಲು?"

"ಬರ್ತಾ ಇದೀವಿ, ಹೆದರ್ಕೋಬೇಡಿ ಅಂದಿದಾರೆ ಅಮ್ಮಾ." ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ.

"ಹಂಗಂದ್ರ ಯಾಕ ಬರಲಿಲ್ಲ?"

ಅವರು ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. ಎಲ್ಲಾ ಹೇಳಿಬಿಟ್ಟೆ. ಅದು ಮನುಷ್ಯರ ದನಿಯಲ್ಲ, ಮಷೀನು. ಲೈನ್ ಇಲ್ಲ, ಬೇರೆ ಯಾರನ್ನಾದರೂ ಕರೀರಿ ಅಂತಿತ್ತು. ಆ ಲೈನ್ ತೆಗೆಸಿದವನು ನಾನು. ಅಲಾರಂ ಇದೆಯಾ ಅಂತ ಫೈಬರ್ ಹಾಕೋಕೆ ಬಂದವನು ಕೇಳಿದ, ನಿಮ್ಮನ್ನ ಒಂದು ಮಾತು ಕೇಳದೆ ಇಲ್ಲ ಅಂದವನು ನಾನು. ಬಟ್ಟೆ ಎತ್ತಲು ಬಂದವನನ್ನು ಗದರಿಸಿ ಹಿಂದೆ ಕಳಿಸಿದವನೂ ನಾನೇ.

ಬಸಲಿಂಗವ್ವನ ಕೈ ಕೊರಳಿನ ಹತ್ತಿರ ಹೋಯಿತು.

"ಬ್ಯಾರೆ ಯಾರನ್ನರೆ ಕರೀರಿ ಅಂದ್ಲು" ಎಂದರು ನಿಧಾನಕ್ಕೆ. "ಹನ್ನೊಂದ ಸಲ ಹೇಳ್ಯಾಳ ಪಾಪ."

"ಅಮ್ಮಾ, ತಪ್ಪಾಯ್ತು."

"ಓಂಕಾರ ಹೊರಗ ಅಕೀನ್ನ ಬೈಯಾಕ ಹತ್ಯಾನ. ನಿನ್ನಿ ಸಂಜಿಯಿಂದ ಬೈಯಾಕ ಹತ್ಯಾನ, ನನಗ ಎಲ್ಲಾ ಕೇಳಸ್ತೈತಿ. ಮದಲ ಹೋಗಿ ಅವನ ಮುಂದ ಹೇಳು. ಅಕಿ ಎದುರಿಗೇ ಹೇಳು."

ನಾನು ಏಳಲು ಹೋದೆ. ಅವರು ನನ್ನ ಕೈ ಹಿಡಿದರು. ಹಿಡಿತದಲ್ಲಿ ಶಕ್ತಿ ಇರಲಿಲ್ಲ.

"ನಿನ್ನ ಮ್ಯಾಲ ಸಿಟ್ಟಿಲ್ಲ ಅಂತ ನಾ ಸುಳ್ಳ ಹೇಳಂಗಿಲ್ಲೋ ತಮ್ಮಾ. ಭಾಳ ಸಿಟ್ಟ ಬಂದೈತಿ ನನಗ. ಒಂಬತ್ತು ತಾಸು ಆ ತಣ್ಣನ ನೆಲದ ಮ್ಯಾಲ ಬಿದ್ದಿದ್ದೆ, ಹಾಸಿಗಿ ಕಾಣ್ತಿತ್ತು, ಏಳಾಕ ಆಗ್ತಿರಲಿಲ್ಲ. ಈಗ ನನಗ ನಿನ್ನ ಮಾರಿ ನೋಡಾಕ ಆಗವಲ್ದು. ಸೋಮವಾರ ಬಾ. ಅಷ್ಟರಾಗ ಸಿಟ್ಟ ಇಳದಿರ್ತೈತಿ, ಆಗ ಮಾತಾಡೂಣು."

ಕಾರಿಡಾರಿಗೆ ಹೋಗಿ, ಇಬ್ಬರ ಎದುರಿಗೂ ಹೇಳಿದೆ. ಓಂಕಾರ ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕುರ್ಚಿಯ ಮೇಲೆ ಕುಸಿದು, "ಲೈನ್ ತಗಸ್ರಿ ಅಂದಾವ ನಾನ ಅಲ್ಲೇನ್ರಿ?" ಎಂದು ಕೇಳಿದ. ಸ್ನೇಹಲ್ ಅವನ ಹತ್ತಿರ ಹೋಗಲಿಲ್ಲ. ಅತ್ತೆಯ ಕೋಣೆಯೊಳಕ್ಕೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಭಾನುವಾರ ಮಧ್ಯಾಹ್ನ ಬಸಲಿಂಗವ್ವ ತೀರಿಕೊಂಡರು. ಕೊನೆಯ ಒಂದು ದಿನ ಅವರಿಗೆ ಎಚ್ಚರವಿರಲಿಲ್ಲವಂತೆ.

ಸೋಮವಾರ ನಾನು ಆ ಮನೆಗೆ ಹೋದೆ. ಹೋಗಬೇಡಿ ಎಂದು ನನ್ನ ಹೆಂಡತಿ ಅಂಬುಜಾ ಎಷ್ಟು ಹೇಳಿದರೂ ಕೇಳಲಿಲ್ಲ. ಓಂಕಾರನೇ ಬಾಗಿಲು ತೆಗೆದ. ಹಿಂದೆ ಹಾಲ್ ತುಂಬ ಜನ ಕೂತಿದ್ದರು.

"ಯಾಕ ಬಂದ್ರಿ?" ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ಅಮ್ಮ ಸೋಮವಾರ ಬಾ ಅಂದಿದ್ರು. ಸಿಟ್ಟು ಇಳಿದಿರುತ್ತೆ, ಮಾತಾಡೋಣ ಅಂದಿದ್ರು."

ಅವನು ನನ್ನ ಮುಖ ನೋಡಿದ.

"ಇಳದಿತ್ತೋ ಇಲ್ಲೋ, ನಮಗೇನೂ ಹೇಳಲಿಲ್ಲ ಅವ್ವ" ಎಂದು ಹೇಳಿ, ಬಾಗಿಲನ್ನು ತೆರೆದಂತೆಯೇ ಬಿಟ್ಟು ಒಳಗೆ ಹೋದ. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.