ಗಾಳಿಗೆ ತೆರೆದಿಟ್ಟ ಫ್ರಿಜ್

ಒಂದಾನೊಂದು ಕಾಲದಲ್ಲಿ, ಬಿಸಿಲೇ ದೊರೆಯಾಗಿದ್ದ ಸೀಮೆಯಲ್ಲಿ, ಬೊಗಸೆಯಷ್ಟು ತಂಪು ಇತ್ತಂತೆ. ಅದಕ್ಕೆ ನಿಲ್ಲಲು ಎಲ್ಲೂ ನೆರಳು ಸಿಗಲಿಲ್ಲ. ಕಡೆಗೆ ಒಂದು ಬಿಳಿ ಪೆಟ್ಟಿಗೆ ಹೊಕ್ಕು, ಬಾಗಿಲು ಹಾಕಿಕೊಂಡು, ಒಂಟಿಯಾಗಿ ಕೂತಿತಂತೆ.

ಆ ಪೆಟ್ಟಿಗೆ ಇದ್ದದ್ದು ನರ್ಸ್ ಗುರುಶಾಂತಮ್ಮನ ವ್ಯಾನಿನಲ್ಲಿ. ಮಲಗಲು ಹಲಗೆ, ಲಸಿಕೆಯ ಔಷಧ ಇಡಲು ಗ್ಯಾಸಿನ ಮೇಲೆ ನಡೆಯುವ ಸಣ್ಣ ಫ್ರಿಜ್, ನಳ ಹಚ್ಚಿದ ನೀರಿನ ಟಾಕಿ. ಅದೇ ಅವಳ ಮನೆ, ಅದೇ ದವಾಖಾನೆ. ಎಂಬತ್ತೆಂಟರ ಬೇಸಿಗೆಯಲ್ಲಿ ವ್ಯಾನು ಕರಜಗಿಯ ಹೊರಗೆ ನಿಂತಿತ್ತು. "ಸೂಜಿ ಗಾಡಿ ಬಂದದ" ಎಂದು ಜನ ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಡ್ರೈವರ್ ಗುಡುಸಾಬ ಪೇಟೆಗೆ ಹೋದರೆ ಅವಳಿಗೆ ಮಾತಿಗೆ ಯಾರೂ ಇಲ್ಲ. ಗ್ಯಾಸಿನ ಫ್ರಿಜ್ ಸದ್ದು ಕೂಡ ಮಾಡುವುದಿಲ್ಲ.

ಬರುತ್ತಿದ್ದವಳು ತುಳಜಾಬಾಯಿ ಒಬ್ಬಳೇ. ತಾಯಿಯಿಲ್ಲದ, ಒಂದೂವರೆ ವರ್ಷದ ಮೊಮ್ಮಗಳು ಗಂಗಾಳನ್ನು ಹೊಲದ ಗುಡಿಸಲಲ್ಲಿ ಸಾಕುತ್ತಿದ್ದ ಮುದುಕಿ. ಗಂಗಾಗೆ ಎರಡು ಸಲ ಪೋಲಿಯೋ ಹನಿ ಆಗಿತ್ತು.

"ಎರಡನೇದು ಹಾಕಿ ನಾಲ್ಕು ವಾರ ತುಂಬೋದು ಬುಧವಾರ. ಗುರುವಾರ ನಾ ಸೊನ್ನಕ್ಕ ಹೋಗಬೇಕ್ರಿ ಆಯಿ. ಗಂಗಾಗ ಮೂರನೇದು ಹಾಕೇ ಹೋಗ್ತೇನಿ," ಎಂದು ಗುರುಶಾಂತಮ್ಮ ಮಾತು ಕೊಟ್ಟಿದ್ದಳು.

ಸೋಮವಾರ ಮಧ್ಯಾಹ್ನ ಅವಳು ತಾಯಂದಿರನ್ನು ಕರೆಯಲು ಓಣಿಗೆ ಹೋದಳು. ವ್ಯಾನು ಕಾಯುತ್ತ ಕೂತ ತುಳಜಾಬಾಯಿ ಫ್ರಿಜ್ಜಿನ ಹಿಂಬದಿ ಮುಟ್ಟಿ ನೋಡಿದಳು. ಸುಡುತ್ತಿತ್ತು. ಬಾಗಿಲು ತೆರೆದು ಗಾಳಿಗೆ ಬಿಟ್ಟಳು. ಟಾಕಿಯಲ್ಲಿ ನೀರು ತಳ ಕಂಡಿದ್ದರಿಂದ ಹೊಳೆಯಿಂದ ಎರಡು ಕೊಡ ತಂದು ಸುರಿದಳು.

ಗುರುಶಾಂತಮ್ಮ ಬಂದಾಗ ಫ್ರಿಜ್ಜಿನೊಳಗಿನ ಉಷ್ಣಮಾಪಕ ಮೂವತ್ತು ಡಿಗ್ರಿ ದಾಟಿತ್ತು.

"ಏನ್ ಮಾಡೀರಿ ಆಯಿ?"

"ಗಾಳಿ ಆಡ್ಲಿ ಅಂತ ತೆಗದೆ ಬೇ. ನಮ್ಮ ಗಡಿಗಿ ಗಾಳಿಗಿಟ್ರೇ ತಂಪಾಗ್ತದ. ನಿನ್ನ ಪೆಟ್ಟಿಗಿ ಉಸುರುಕಟ್ಟಿ ಕುದಿಯಾಕತ್ತಿತ್ತು."

"ಇದು ಒಳಗಿನ ಬಿಸಿ ಬೆನ್ನಿನಿಂದ ಹೊರಗ ಹಾಕ್ತದ್ರಿ. ತಂಪು ನಿಲ್ಲಬೇಕಂದ್ರ ಬಾಗಲಾ ಹಾಕೇ ಇರಬೇಕು. ಈಗ ಔಷಧ ಸತ್ತುಹೋತು."

"ಸಾಯಾಕ ಅದಕ್ಕೇನ್ ಜೀವ ಅದ?"

"ಅದದ್ರಿ. ಜೀವ ಇದ್ರೇ ಅದು ಕೂಸಿನ ಕಾಲು ಕಾಯ್ತದ."

"ನಮ್ಮ ಗಂಗಾಂದೂ ಇದರಾಗೇ ಇತ್ತೇನು?"

ಗುರುಶಾಂತಮ್ಮ ಕೆಟ್ಟ ಸೀಸೆಗಳನ್ನು ಒಂದೊಂದಾಗಿ ತೆಗೆದು ಬೇರೆ ಇಟ್ಟಳು. ಮುದುಕಿ ಕೊಡ ಎತ್ತಿಕೊಂಡು ಹೊರಟುಹೋದಳು.

ಗುಡುಸಾಬ ಹೊಸ ಔಷಧ ತರಲು ಮಂಜುಗಡ್ಡೆಯ ಡಬ್ಬಿ ಹಿಡಿದು ಬಸ್ಸಿಗೆ ಅಫಜಲಪುರಕ್ಕೆ ಹೋದ. ಗುರುಶಾಂತಮ್ಮ ಟಾಕಿಯ ಹೊಳೆನೀರನ್ನೆಲ್ಲ ಚೆಲ್ಲಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಬೋರಿಂಗಿನ ನೀರು ಸೋಸಿ ತುಂಬಿ, ಕ್ಲೋರಿನ್ ಗುಳಿಗೆ ಹಾಕಿದಳು. ಮಂಗಳವಾರ ಯಾರೂ ಬರಲಿಲ್ಲ. ಬುಧವಾರವೂ ಇಲ್ಲ. ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದಳು, ಅರ್ಧ ಹಾಗೇ ಉಳಿಯಿತು. ಸಂಜೆ ಗುಡುಸಾಬ ಹೊಸ ಸೀಸೆ ತಂದ.

ಗುರುವಾರ ಬೆಳಿಗ್ಗೆ ಅವಳೇ ಗುಡಿಸಲಿಗೆ ಹೋದಳು.

"ನಾ ಬರಂಗಿಲ್ಲ. ಕೆಡಿಸಿದಾಕಿ ನಾನು. ಊರವರು ನಗ್ತಾರ," ಎಂದಳು ತುಳಜಾಬಾಯಿ.

"ಯಾರಿಗೂ ಹೇಳಿಲ್ರಿ. ಹೇಳಾಕ ಯಾರು ಬಂದಾರ? ಎರಡು ದಿನ ಆತು, ನನ್ನ ಜೋಡಿ ಊರವರು ಯಾರೂ ಮಾತಾಡಿಲ್ಲ."

ಮುದುಕಿ ಅವಳ ಮುಖ ನೋಡಿದಳು. ಗಂಗಾಳನ್ನು ಕಂಕುಳಿಗೆ ಎತ್ತಿಕೊಂಡು ಕೇಳಿದಳು: "ಬಾಗಲಾ ಹಾಕಿ ಬಂದೀಯಿಲ್ಲ?"

ದಾರಿಯಲ್ಲಿ ಮುದುಕಿ, ಎಳೆಕೂಸಿನ ತಾಯಿ ಖಾಸೀಂಬಿಯ ಅಂಗಳದಲ್ಲಿ ನಿಂತು, "ಏ ಖಾಸೀಂಬಿ, ಕೂಸಿನ್ನ ತಗೊಂಡು ನಡಿ. ಔಷಧಕ್ಕ ಜೀವ ಅದ, ನೀ ಬರೂತನಕ ಕಾಯಂಗಿಲ್ಲ ಅದು," ಎಂದು ಗದರಿದಳು. ಖಾಸೀಂಬಿ ಗೊಣಗುತ್ತಲೇ ಹಿಂದೆ ಬಂದಳು.

ಗುರುಶಾಂತಮ್ಮ ನಳದ ಕೆಳಗೆ ಕೈ ತೊಳೆದು, ಸೀಸೆ ತೆಗೆದು, ಫ್ರಿಜ್ ಮುಚ್ಚಿದಳು. ಗಂಗಾ ಹಲ್ಲು ಕಚ್ಚಿ ಕೂತಳು.

ಅಕ್ಕಂದಿರೇ, ಗಂಗಾ ಬಾಯಿ ತೆರೆಯುವುದರೊಳಗೆ ನಿಮಗೊಂದು ಮಾತು. ಆಳಂದ, ಜೇವರ್ಗಿ, ಎಲ್ಲೇ ಇರಿ, ಇಂಥ ವ್ಯಾನು ಬಂದರೆ ಫ್ರಿಜ್ಜಿನ ಬಾಗಿಲು ತೆರೆಯಬೇಡಿ, ಮೊಸರು ಬೆಣ್ಣೆ ಇಡಲು ಕೇಳಬೇಡಿ. ಟಾಕಿಗೆ ಕಂಡ ನೀರು ಹಾಕಬೇಡಿ. ಹಾಗಂತ ದೂರ ಮಾತ್ರ ನಿಲ್ಲಬೇಡಿ. ಕೂಸನ್ನು ಎತ್ತಿಕೊಂಡು ಬನ್ನಿ, ಮೂರೂ ಸಲ ಬನ್ನಿ. ಒಳಗಿರುವ ನರ್ಸಬಾಯಿ ಜೊತೆ ಎರಡು ಮಾತಾಡಿ.

ತುಳಜಾಬಾಯಿ ಕೂಸಿನ ಕೆನ್ನೆ ಮೆಲ್ಲಗೆ ಒತ್ತಿದಳು. ಬಾಯಿ ತೆರೆಯಿತು. ಒಂದು ಹನಿ, ಇನ್ನೊಂದು ಹನಿ. ಗಂಗಾ ನುಂಗಿದಳು.