ಅಪ್ಪ ಬದಲಿಸಿದ ಬೆಲ್ಟು

ಕೊನೆಯ ಬೋಲ್ಟು ಹಠ ಹಿಡಿದಿದೆ, ಥೇಟ್ ಅಪ್ಪನ ಹಾಗೆ, ಎಂದುಕೊಂಡು ಅವಳು ಸ್ಪ್ಯಾನರಿಗೆ ಮೈಭಾರ ಕೊಟ್ಟಳು, ಕಿರ್ರೆಂದು ಸಡಿಲಿತು, ಟೈಮಿಂಗ್ ಬೆಲ್ಟಿನ ಕವರ್ ಕೈಗೆ ಬಂತು — ಇಪ್ಪತ್ತೆರಡು ವರ್ಷದ ಕಾರು, ಅಪ್ಪನದೇ, ನೀರಿನ ಪಂಪು ಸೋರ್ತಿದೆ ಅಷ್ಟೇ ಕಣೇ, ಬೆಲ್ಟು ಹೋದ ವರ್ಷ ನಾನೇ ಹೊಸದು ಹಾಕಿದೀನಿ, ಎಂದು ಗ್ಯಾರೇಜಿನ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತವನು ಬೆಳಗಿನಿಂದ ಮೂರು ಸಲ ಹೇಳಿದ್ದಾನೆ, ಹೊಸದಂತೆ ಹೊಸದು, ಬೆನ್ನು ತುಂಬ ಬಿರುಕು, ಅಂಚು ನೂಲುನೂಲು, ಒಂದು ಕಡೆ ಎರಡು ಹಲ್ಲು ಉದುರಿಯೇ ಹೋಗಿವೆ, ತುಂಡಾಗಿದ್ದರೆ ಎಂಜಿನ್ ಒಳಗಿನ ಭಾಗಗಳು ಒಂದಕ್ಕೊಂದು ಗುದ್ದಿಕೊಂಡು ಕಾರು ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು, ಆದರೆ ಅಪ್ಪ ಸುಳ್ಳು ಹೇಳುವವನಲ್ಲ, ಗಿರಾಕಿಗೇ ಹೇಳದವನು ಮಗಳಿಗೆ ಹೇಳಿಯಾನೇ, ಎಂಜಿನ್ ಮುಂದೆ ಬಾಯಿಬಡಾಯಿ ನಡೆಯಲ್ಲ ಮಗಳೇ ಎಂದು ಹದಿನಾರಕ್ಕೇ ಅವಳ ಕೈಗೆ ಸ್ಪ್ಯಾನರ್ ಕೊಟ್ಟವನು, ಹಾಗಾದರೆ ಹಾಕಿದ್ದೇನೆಂದು ನಿಜವಾಗಿಯೂ ನಂಬಿದ್ದಾನೆ, ಮೊನ್ನೆ ಊಟ ಆಯ್ತಾ ಅಂದರೆ ಆಯ್ತು ಅಂದಿದ್ದ, ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು, ಅವಳು ನಕ್ಕಿದ್ದಳು, ನಗುವ ವಿಷಯವಾಗಿತ್ತೇ ಅದು — ಇರಲಿ, ಕೆಲಸ ನಿಲ್ಲಬಾರದು, ಮೇಲಿನ ಚಕ್ರದ ಗುರುತು, ಕೆಳಗಿನ ಚಕ್ರದ ಗುರುತು, ಎರಡೂ ನೇರಕ್ಕಿವೆ, ಬಿಗಿ ಸಡಿಲಿಸಿ ಹಳೆಯದನ್ನು ಎಳೆದು ಬೆಂಚಿನ ಮೇಲೆ ಎಸೆದಳು, ಪಂಪು ಬದಲಿಸಿದಳು, ಯಾವುದಕ್ಕೂ ಇರಲಿ ಎಂದು ತಂದಿಟ್ಟಿದ್ದ ಹೊಸ ಬೆಲ್ಟನ್ನು ತೆಗೆಯಲು ಕಪಾಟಿಗೆ ಕೈ ಹಾಕಿದರೆ ಹಿಂದೆ ಇನ್ನೊಂದು ಬೆಲ್ಟಿನ ಡಬ್ಬಿ, ಮೇಲೆ ಅಪ್ಪನ ಅಕ್ಷರ, ಟೀಚರ್ ಕಾರು, ಅಂಟಿಸಿದ ಟೇಪು ಕೂಡ ಕಿತ್ತಿಲ್ಲ.

ಹೋದ ತಿಂಗಳು ಅವಳು ಜ್ವರ ಬಂದು ಮಲಗಿದ್ದಾಗ ಅಪ್ಪ ಒಬ್ಬನೇ ಮಾಡಿದ ಕೆಲಸ ಟೀಚರ ಕಾರಿನದು, ಬೆಲ್ಟು ಹಾಕಿ ಕಳಿಸಿದೆ ಅಂದಿದ್ದ, ಟೀಚರು ದಿನಾ ಅಕ್ಕಪಕ್ಕದ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಸೇತುವೆ ದಾಟುತ್ತಾರೆ, ಗಂಟೆ ಎಷ್ಟೀಗ, ಶಾಲೆ ಬಿಡುವ ಹೊತ್ತೇ, ಜಿಡ್ಡುಗೈಯಲ್ಲೇ ಫೋನು ಒತ್ತಿದಳು, ಒಂದು ರಿಂಗು, ಎರಡು, ಐದು, ಎತ್ತಿ ಟೀಚರ್ ಎತ್ತಿ, ಹೇಳಮ್ಮಾ, ಮಕ್ಕಳನ್ನ ಹತ್ತಿಸ್ಕೊಳ್ತಿದ್ದೆ, ಎಂದರು ಟೀಚರು, ಇಳಿಸಿಬಿಡಿ ಟೀಚರ್, ಕಾರು ತೆಗೀಬೇಡಿ, ಬೆಲ್ಟು ಹಳೇದೇ ಇದೆ, ತಪ್ಪು ನಮ್ಮದು, ನಾನೇ ಬರ್ತೀನಿ — ಆ ಕಡೆ ಇಳೀರಿ ಮಕ್ಕಳೇ ಎಂಬ ದನಿ, ಆಮೇಲೆ, ಅಪ್ಪಾನೇ ಮಾಡಿದ್ದಲ್ವೇನಮ್ಮಾ, ಅವರು ತಪ್ಪೋರಲ್ಲ, ಹೌದು ಟೀಚರ್ ತಪ್ಪೋರಲ್ಲ, ಅಂದಳು, ಫೋನು ಇಟ್ಟಳು, ಇನ್ನು ಯಾರ್‍ಯಾರ ಕಾರು ಅವನೊಬ್ಬನೇ ಮುಟ್ಟಿದ್ದಾನೆ, ಕೆಲಸ ಬರೆದಿಡುವ ಪುಸ್ತಕ ನೋಡಬೇಕು, ಒಬ್ಬೊಬ್ಬರಿಗೂ ಹೇಳಬೇಕು, ಅವನಿಗೆ ಹೇಗೆ ಹೇಳುವುದು, ತಿರುಗಿದರೆ ಅಪ್ಪ ಬೆಂಚಿನ ಹತ್ತಿರ ನಿಂತಿದ್ದಾನೆ, ಹಳೆಯ ಬೆಲ್ಟು ಕೈಯಲ್ಲಿ, ಯಾರ ಗಾಡೀದೇ ಇದು, ಇಷ್ಟು ಸವೆಯೋವರೆಗೂ ಓಡಿಸಿದಾನಲ್ಲ, ಮೈಮೇಲೆ ಜ್ಞಾನ ಇಲ್ವಾ ಅವನಿಗೆ, ಎನ್ನುತ್ತಾನೆ, ಯಾರದೋ ಎಂದುಬಿಡಲೇ, ಎಂಜಿನ್ ಮುಂದೆ ನಿಂತಿದ್ದಾಳೆ, ನಿಂದೇ ಅಪ್ಪ, ಎಂದಳು ಮೆಲ್ಲಗೆ, ಅಪ್ಪನ ಹೆಬ್ಬೆರಳು ಹಲ್ಲುಗಳ ಮೇಲೆ ಒಂದೊಂದಾಗಿ ಸರಿಯುತ್ತ ಬಂದು ಹಲ್ಲಿಲ್ಲದ ಜಾಗದಲ್ಲಿ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು, ಅಲ್ಲೇ ನಿಂತಿತು, ಆ ಹೆಬ್ಬೆರಳು, ಆ ಖಾಲಿ ಜಾಗ, ಹೆಬ್ಬೆರಳು —